ಅದು ಯಾವ ಸಿನಿಮಾದ್ದು?

ಗಂಗಾವತಿಯ ಫ್ಲೆಕ್ಸ್ ಅಂಗಡಿಯೊಂದರ ಹಿಂದಿನ ಕೋಣೆ. ಬೀದಿಯ ಸದ್ದು ಒಳಗೆ ಬರಬಾರದೆಂದು ಗಾಳೇಶ ನಾಲ್ಕೂ ಗೋಡೆಗೆ ಕೌದಿ ತೂಗುಹಾಕಿದ್ದ. ವಾರವೆಲ್ಲ ಬ್ಯಾನರ್ ಡಿಸೈನ್ ಮಾಡುವ ಅವನು ಭಾನುವಾರ ಇಲ್ಲಿ ಕೂತು ‘ಹುಲಗಮ್ಮನ ಕಟ್ಟಿ’ ಎಂಬ ಕಾರ್ಟೂನ್ ಧಾರಾವಾಹಿ ಮಾಡಿ ಯೂಟ್ಯೂಬಿಗೆ ಹಾಕುತ್ತಿದ್ದ. ಊರನ್ನೆಲ್ಲ ಆಡಿಕೊಳ್ಳುವ ಮುದುಕಿ ಹುಲಗಮ್ಮನಿಗೂ ಅವಳ ಮೊಮ್ಮಗಳು ರಂಗಿಗೂ ದನಿ ಕೊಡುತ್ತಿದ್ದವಳು ಮಹೇಶ್ವರಿ, ಸಿದ್ದಾಪುರದ ಸಾಲೆಯ ಟೀಚರ್.

ಆ ದಿನದ ಎಪಿಸೋಡಿನ ತುಂಬ ಸಿನಿಮಾ, ಸೀರಿಯಲ್‌ಗಳ ಅಣಕ. ಸ್ಲೋ ಮೋಶನ್‌ನಲ್ಲಿ ಬರುವ ಹೀರೋನ ಕಾಲು ಭತ್ತದ ಗದ್ದೆಯಲ್ಲಿ ಹೂತುಹೋಗುತ್ತದೆ. ಸೀರಿಯಲ್ ಅತ್ತೆಯಂತೆ ಮತ್ತೆ ಮತ್ತೆ ಗೋಣು ಹೊರಳಿಸಿದ ಹುಲಗಮ್ಮ, ಗೋಣು ಉಳುಕಿ ದವಾಖಾನೆ ಸೇರುತ್ತಾಳೆ.

ಕೊನೆಗೆ ರಂಗಿಯ ಗೆಳೆಯ ತಿಪ್ಪನ ಮಾತು. ಗಾಳೇಶನೇ ಮೈಕಿನ ಮುಂದೆ ನಿಂತ. ಹೀರೋನ ಗತ್ತಿಲ್ಲ, ತಮಾಷೆಯ ರಾಗವಿಲ್ಲ.

“ನೀ ಬರೂ ದಿನ ನನಗ ಮುಂಜಾನಿ ಎದ್ದ ಕೂಡಲೇ ಗೊತ್ತಾಗ್ತೈತಿ. ನೀ ಬರದ ದಿನ ಏನೂ ಗೊತ್ತಾಗಾಂಗಿಲ್ಲ. ನನ್ನ ಕೂಡ ಇದ್ದಬಿಡು.”

ಹೇಳುವಾಗ ಅವನ ಕಣ್ಣು ಮೈಕ್ ಬಿಟ್ಟು ಅವಳ ಮುಂಗುರುಳಿನ ಮೇಲಿತ್ತು. ಮಹೇಶ್ವರಿ ಓರೆಗಣ್ಣಿನಿಂದ ನೋಡಿ ನಕ್ಕಳು.

“ಭಾಳ ಛಲೋ ಐತಿ. ಅದು ಯಾವ ಸಿನಿಮಾದ್ದು?”

ಗಾಳೇಶ ಹೆಡ್‌ಫೋನ್ ಸರಿಮಾಡಿಕೊಂಡ. “ಹಳೇದೊಂದು.”

ಅವಳು ಹೀರೋಯಿನ್‌ನಂತೆ ಮೂಗಿನಲ್ಲಿ ಉಲಿದಳು: “ಮೊದಲ ಕನ್ನಡ್ಯಾಗ ಮಾರಿ ನೋಡಿಕೊಂಡ ಬಾ, ಹೋಗು.” ಅವನೂ ನಕ್ಕ. ಆದರೆ ಕಿವಿ ಕೆಂಪಾಗಿತ್ತು.

ಎಪಿಸೋಡು ಕುಷ್ಟಗಿ, ಯಲಬುರ್ಗಾದ ತನಕ ಫೋನಿಂದ ಫೋನಿಗೆ ಹರಿದಾಡಿತು. ಅಷ್ಟರಲ್ಲಿ ಮಹೇಶ್ವರಿಯನ್ನು ನೋಡಲು ಹನುಮಸಾಗರದಿಂದ ಗಂಡು ಬಂದ. ಬೀಜದ ಅಂಗಡಿಯ ಮಲ್ಲೇಶ, ಸಂಭಾವಿತ. ಹಿತ್ತಲಲ್ಲಿ ಮೆಲ್ಲಗೆ ಕೇಳಿದ: “ಮನಸಿನ್ಯಾಗ ಯಾರರ ಅದಾರೇನ್ರಿ?”

ಅವಳಿಗೆ ಗಾಳೇಶ ನೆನಪಾದ. ಆದರೆ ಅವನಿಗೆ ಎಲ್ಲವೂ ಚೇಷ್ಟೆ. “ಇಲ್ರಿ,” ಅಂದಳು.

ಮುಂದೊಂದು ದಿನ ಸ್ಟಾಫ್ ರೂಮಿನಲ್ಲಿ ಶಾಹಜಾದಬಿ ಟೀಚರ್ ಯೂಟ್ಯೂಬಿನ ಕಾಮೆಂಟು ಓದುತ್ತಿದ್ದಳು. “ಎಲ್ಲಾ ಸೀನು ಎಲ್ಲಿದ್ದು ಅಂತ ಮಂದಿ ಹುಡುಕ್ಯಾರ ನೋಡು. ತಿಪ್ಪನ ಮಾತು ಮಾತ್ರ ಯಾರಿಗೂ ಸಿಗವಲ್ದು. ಅದು ಯಾವ ಸಿನಿಮಾದಾಗೂ ಇಲ್ಲಂತ.”

ಮಹೇಶ್ವರಿಯ ಕೈಯಲ್ಲಿನ ಚಹಾ ಆರಿಹೋಯಿತು.

ಭಾನುವಾರ ಅವಳು ಕೂರಲೂ ಇಲ್ಲ. “ತಿಪ್ಪನ ಮಾತು ಯಾರು ಬರೆದಿದ್ದು?”

“ನಾನ.”

“ಯಾರಿಗೆ?”

ಗಾಳೇಶ ನೆಲ ನೋಡಿದ. “ನಿನಗ.”

“ಮತ್ತ ಹಳೇ ಸಿನಿಮಾ ಅಂದಿ?”

“ನೀ ನಕ್ಕಿ. ನನಗ ಅಂಜಿಕಿ ಆತು.”

“ನಾ ವಾರಾ ವಾರಾ ಬಸ್ ಹತ್ತಿ ಯಾಕ ಬರ್ತಿದ್ನಿ ಅಂತ ತಿಳಕೊಂಡಿದ್ದಿ? ಆ ಮುದುಕಿ ಸಲುವಾಗಿ ಏನು?”

ಅವನು ತಟ್ಟನೆ ತಲೆಯೆತ್ತಿದ. ಇಬ್ಬರೂ ಒಬ್ಬರನ್ನೊಬ್ಬರು ಹಾಗೆ ನೋಡಿದ್ದು ಅದೇ ಮೊದಲು.

“ಹನುಮಸಾಗರದ ಗಂಡು ನನ್ನ ನೋಡಿ ಹೋಗ್ಯಾನ, ಇನ್ನೂ ನಿಶ್ಚಯ ಆಗಿಲ್ಲ ಗಾಳೇಶ. ಮಲ್ಲೇಶಗ ನಾನ ಹೇಳ್ತೀನಿ. ನೀ ಬಂದು ಅಪ್ಪನ ಮುಂದ ಒಂದ್ಸಲ ನಿಲ್ಲು.”

ಗಾಳೇಶ ಎದೆ ಉಬ್ಬಿಸಿ, ಹೀರೋನ ಗಡಸು ದನಿ ತೆಗೆದ: “ಮಾವಾ, ಮಗಳನ್ನ ಕೊಡ್ತೀಯೋ, ಎತ್ತಿಕೊಂಡು ಹೋಗ್ಲೋ?”

ಅವಳು ಕಾದಳು. ಆ ದನಿ ಮುಗಿದ ಮೇಲೆ ಅವನದೇ ದನಿಯೊಂದು ಬರಬೇಕಿತ್ತು.

“ಚೇಷ್ಟಿ ಮಾಡಿದ್ನಿ, ಮಹೇಶ್ವರಿ. ನಾನು…”

“ನನ್ನ ಮುಂದನ ಬಾಯಿ ಬರವಲ್ದು. ಅಪ್ಪನ ಮುಂದ ಬರ್ತೈತೇನು?”

ಬರುತ್ತದೆ ಎಂದಿದ್ದರೆ ಸಾಕಿತ್ತು, ನಂಬುತ್ತಿದ್ದಳು. ಅವನು ಮೌಸಿನ ವೈರನ್ನು ಬೆರಳಿಗೆ ಸುತ್ತುತ್ತ ಕೂತಿದ್ದ.

ಬಾಗಿಲ ತನಕ ಹೋದವಳು ತಿರುಗಿ ಬಂದು ಮೈಕಿನ ಮುಂದೆ ಕೂತಳು.

“ಮುದುಕಿ ನಗು ಬೇಕಾಗ್ತಾವು ನಿನಗ. ರೆಕಾರ್ಡ್ ಮಾಡಿಕೋ. ಇನ್ನ ನಾ ಬರಾಂಗಿಲ್ಲ.”

ಅವನು ಹೆಡ್‌ಫೋನ್ ಹಾಕಿಕೊಂಡು ತಲೆ ತಗ್ಗಿಸಿದ. ಮಹೇಶ್ವರಿ ನಕ್ಕಳು: ಬೊಚ್ಚುಬಾಯಿಯ ನಗು, ಕೆಮ್ಮು ಬೆರೆತ ನಗು, ಸೊಸೆಯನ್ನು ಚುಚ್ಚುವ ಕೊಂಕುನಗು.

“ಸಾಕೇನು?”

ಗಾಳೇಶ ಸಾಲದೆಂದು ತಲೆಯಾಡಿಸಿದ. ಅವನ ಗಲ್ಲ ಒದ್ದೆಯಾಗಿತ್ತು.

ಅವಳು ಮತ್ತೊಮ್ಮೆ ನಕ್ಕಳು. ಈ ಸಲದ ನಗುವಿನಲ್ಲಿ ಮುದುಕಿ ಇರಲಿಲ್ಲ. ಅವನು ರೆಕಾರ್ಡಿಂಗ್ ನಿಲ್ಲಿಸಲಿಲ್ಲ.