ಬಾಗಿಲ ಪಕ್ಕದ ಅಂಗಿಚೂರು

ಕತ್ತಲಾಗುವುದರೊಳಗೆ ಆ ಜಿಂಕೆಯನ್ನು ಹುಡುಕಿ ತರಬೇಕು. ಅಜ್ಜ ಆರ್ವಿಡ್ ಹೇಳಿದ್ದು ಅಷ್ಟೇ. ಹೇಳಿದವನು ಬೇಟೆ ಕ್ಯಾಂಪಿನ ಮೇಜಿನಿಂದ ಕಾಫಿ ಲೋಟಗಳನ್ನು ಸರಿಸಿ ಸಾಮಾನು ಜೋಡಿಸತೊಡಗಿದ. ದಿಕ್ಸೂಚಿ, ಮೇಣದಲ್ಲಿ ಅದ್ದಿದ ಬೆಂಕಿಕಡ್ಡಿ, ಹಗ್ಗ, ಚಾಕು, ಒಂದು ಜೊತೆ ಉಣ್ಣೆಯ ಕಾಲುಚೀಲ, ಕಕ್ಕಸಿನ ಕಾಗದದ ಒಂದು ಸುರುಳಿ.

"ಕಾಗದ ಯಾಕಜ್ಜ?" ಎಂದಳು ಐಲಿ. ಅವಳಿಗೆ ಹನ್ನೊಂದು ವರ್ಷ. ಅಂದು ನವೆಂಬರಿನ ಬೇಟೆಗಾಲದ ಮೊದಲ ದಿನ. ಅವಳ ಬದುಕಿನ ಮೊದಲ ಬೇಟೆ.

"ರಕ್ತ ಕಂಡ ಕಡೆಯೆಲ್ಲ ಒಂದು ಚೂರು ಹರಿದು ಕೊಂಬೆಗೆ ಸಿಕ್ಕಿಸ್ತಾ ಹೋಗ್ಬೇಕು. ಜಾಡು ತಪ್ತು ಅಂದ್ರೆ ಹಿಂದಕ್ಕೆ ತಿರುಗಿ ಆ ಚೂರುಗಳನ್ನ ನೋಡು. ಜಿಂಕೆ ಯಾವ ಕಡೆ ಹೊರಟಿದೆ ಅಂತ ಅದೇ ಹೇಳುತ್ತೆ. ನಿಮ್ಮ ಮಾಮನ ಫೋನಿಗಿಂತ ವಾಸಿ, ಚಾರ್ಜ್ ಬೇಡ."

ಮಾಮ ಕರ್ಟಿಸ್ ನಗಲಿಲ್ಲ. ಇಪ್ಪತ್ತಾರರ ಆ ಗಟ್ಟಿ ಆಳು ಒಲೆಯ ಮೇಲಿದ್ದ ಪ್ಯಾಸ್ಟಿಗೆ ಕೈ ಹಾಕಿದ್ದ. ಮಾಂಸ, ಆಲೂಗಡ್ಡೆ ತುಂಬಿ ಸುಟ್ಟ ಆ ಕಡುಬು ಇಲ್ಲದೆ ಯಾರೂ ಬೇಟೆಗೆ ಹೊರಡುವುದಿಲ್ಲ.

"ಅಲ್ಲೇ ಇಡು," ಎಂದ ಆರ್ವಿಡ್. "ಗಾಯ ಮಾಡಿದ್ದು ಸಿಗೋವರೆಗೂ ಈ ಕ್ಯಾಂಪಲ್ಲಿ ಯಾರೂ ತಿನ್ನಲ್ಲ. ಗುಂಡು ಎಲ್ಲಿ ಬಿತ್ತು?"

"ಎದೆ ತಪ್ಪಿ ಹಿಂದೆ ಬಿತ್ತು ಅನ್ಸುತ್ತೆ ಅಪ್ಪ. ಹುಡುಗಿ ಕೈ ನಡುಗಿಬಿಡ್ತು. ಮೊದಲನೇ ಸಲ ಅಲ್ವಾ, ಆಗುತ್ತೆ ಬಿಡು."

ಐಲಿ ತಲೆಯೆತ್ತಿ ಮಾಮನನ್ನು ನೋಡಿದಳು. ಆಮೇಲೆ ತನ್ನ ಬೂಟು ನೋಡಿಕೊಂಡಳು.

ಅವಳ ಕೈ ನಡುಗಿರಲಿಲ್ಲ. ನಡೆದದ್ದೇ ಬೇರೆ.

ಕರ್ಟಿಸನ ಹೊಂಚುಗೂಡೆಂದರೆ ಪ್ಲಾಸ್ಟಿಕ್ ಡಬ್ಬದಂಥ ಕೋಣೆ. ಒಳಗೆ ಗ್ಯಾಸ್ ಒಲೆ, ತಿರುಗುವ ಕುರ್ಚಿ, ಲೋಟ ಇಡಲು ತೂತು. ಕಾಡು ನೋಡಲು ಟೀವಿಯಷ್ಟು ಅಗಲದ ಕಿಟಕಿ. ಎದುರಿಗೆ ಎಂಬತ್ತು ಗಜ ದೂರದಲ್ಲಿ ಬೀಟ್ ಗೆಡ್ಡೆಯ ರಾಶಿ, ಅದರ ಮೇಲೆ ಮರಕ್ಕೆ ಕಟ್ಟಿದ ಕ್ಯಾಮೆರಾ. ಜಿಂಕೆ ಬಂದಾಗಲೆಲ್ಲ ಅದರ ಪಟ ಅವನ ಫೋನಿಗೆ ಬಂದು ಬೀಳುತ್ತಿತ್ತು. ಊಟಕ್ಕೆ ಕರೆದು ಹೊಡೆಯುವುದು. ಇದಕ್ಕೆ ನಮ್ಮ ಕಡೆ ಈಗ ಬೇಟೆ ಎನ್ನುತ್ತಾರೆ. ಎರಡು ತಿಂಗಳಿಂದ ಒಂದೇ ಗಂಡು ಜಿಂಕೆಯ ಪಟ ಗೆಳೆಯರಿಗೆಲ್ಲ ಕಳಿಸಿ ಕಳಿಸಿ ಅವನ ತಲೆ ತಿರುಗಿತ್ತು. 'ಮೊದಲ ದಿನವೇ ನಮ್ಮ ಹುಡುಗಿ ಇವನನ್ನು ಮಲಗಿಸುತ್ತಾಳೆ' ಎಂದು ಹಿಂದಿನ ದಿನ ಬರೆದೂ ಆಗಿತ್ತು.

ಬೆಳಿಗ್ಗೆ ಎಂಟಕ್ಕೆ ಆ ಜಿಂಕೆ ಬಂತು. ಎಂಟು ಕವಲಿನ ಕೊಂಬು. ರಾಶಿಯ ಹಿಂದೆ ನಿಂತು ನೇರ ಹೊಂಚುಗೂಡಿನ ಕಡೆಗೇ ಮುಖ ಮಾಡಿತು. ಐಲಿ ರೈಫಲ್ ಎತ್ತಿದಳು, ಕಾದಳು. ಅವಳ ಹೆಗಲ ಮೇಲಿಂದ ಕರ್ಟಿಸ್ ಫೋನ್ ಹಿಡಿದು ವಿಡಿಯೊ ಮಾಡುತ್ತಿದ್ದ.

"ಹೊಡಿ."

"ಮಾಮ, ಎದುರಿಗೆ ನಿಂತಿದೆ, ಹೃದಯಕ್ಕೆ ಗುರಿ ಸಿಗಲ್ಲ. ಅಡ್ಡ ತಿರುಗ್ಲಿ."

"ಹೋಗ್ಬಿಡುತ್ತೆ. ಹೊಡಿ ಅಂದ್ನಲ್ಲ."

"ಬೇಡ ಮಾಮ."

"ಹೆದರುಪುಕ್ಕಲಿ. ಹೊಡಿಯೇ, ಈಗ."

ಅವಳು ಹೊಡೆದಳು. ಜಿಂಕೆ ಬೆನ್ನು ಗೂನು ಮಾಡಿಕೊಂಡು ಕುಂಟುತ್ತ ಸೀಡರ್ ಮರಗಳ ನಡುವೆ ಮರೆಯಾಯಿತು. ಹೊಟ್ಟೆಗೆ ಬಿದ್ದ ಗುಂಡಿನ ಗುರುತು ಅದು. ಅಂಥ ಜಿಂಕೆಯ ಬೆನ್ನು ಹತ್ತಬಾರದು. ಸುಮ್ಮನೆ ಬಿಟ್ಟರೆ ಇನ್ನೂರು ಗಜದೊಳಗೆ ಮಲಗಿಬಿಡುತ್ತದೆ. ಕರ್ಟಿಸ್ ಬಿಡಲಿಲ್ಲ. ಫೋನ್ ಹಿಡಿದುಕೊಂಡೇ ಓಡಿದ, ಜೌಗಿನ ಅಂಚಿನವರೆಗೂ ಅಟ್ಟಿದ, ಅಲ್ಲಿ ಅದನ್ನು ಕಳೆದುಕೊಂಡು ನಿಂತ.

ಕ್ಯಾಂಪಿನಿಂದ ಹೊರಡುವಾಗ ಆರ್ವಿಡ್ ಬಾಗಿಲ ಪಕ್ಕದ ಮೊಳೆಯನ್ನು ಒಮ್ಮೆ ಮುಟ್ಟಿದ. ಗುರಿ ತಪ್ಪಿದವನ ಅಂಗಿಯ ಹಿಂಬದಿಯ ತುದಿ ಕತ್ತರಿಸಿ, ಹೆಸರು ಬರೆದು ಗೋಡೆಗೆ ಹೊಡೆಯುವುದು ಆ ಕ್ಯಾಂಪಿನ ಪದ್ಧತಿ. ಒಲೆಯ ಹಿಂದಿನ ಗೋಡೆಯ ತುಂಬ ನಲವತ್ತು ಐವತ್ತು ಚೂರುಗಳಿದ್ದವು, ಕೆಂಪು ಚೌಕಳಿ, ಹಸಿರು ಚೌಕಳಿ, ಎಲ್ಲಕ್ಕೂ ಒಂದೊಂದು ನಗುವ ಕತೆ. ಬಾಗಿಲ ಪಕ್ಕ ಮಾತ್ರ ಒಂದೇ ಒಂದು. ಬಣ್ಣ ಹೋಗಿ ಬೂದಿಯಾದ ಚೂರು. ಅದರ ಕತೆಯನ್ನು ಆರ್ವಿಡ್ ಯಾರಿಗೂ ಹೇಳಿರಲಿಲ್ಲ.

ಬೀಟ್ ರಾಶಿಯ ಬಳಿ ಅವನು ಮಂಡಿಯೂರಿ ಕೂತ. ಎಡ ಮಂಡಿ ಕೆಟ್ಟು ಮೂರು ವರ್ಷ. ಕೂರುವಾಗ ಹಲ್ಲು ಕಚ್ಚಿದ. ಹಿಮದ ಮೇಲೆ ಹಸಿರು ಬೆರೆತ ಕಂದು ರಕ್ತ, ಹೊಂಚುಗೂಡಿನ ಕಡೆಗೇ ಮುಖ ಮಾಡಿದ ನಾಲ್ಕು ಗೊರಸಿನ ಗುರುತು. ಬೆರಳಿಗೆ ರಕ್ತ ಹಚ್ಚಿ ಮೂಸಿದ.

"ಹೊಟ್ಟೆ. ಎದುರಿಗೆ ನಿಂತಿತ್ತು ಇದು."

ಅವನ ಕಣ್ಣು ಹಿಮದ ಮೇಲೆ ಮುಂದಕ್ಕೆ ಹೋಯಿತು.

"ಈ ಬೂಟಿನ ಗುರುತು ಯಾರ್ದು? ಜಿಂಕೆ ಹೆಜ್ಜೆ ಮೇಲೇ ಹೋಗಿದೆ."

"ನಂದೇ," ಎಂದ ಕರ್ಟಿಸ್. "ಸುಮ್ನೆ ನೋಡ್ಕೊಂಡು ಬರೋಣ ಅಂತ."

"ವಿಡಿಯೊ ಮಾಡಿದ್ಯಲ್ಲ, ತೋರ್ಸು."

"ಸರಿಯಾಗಿ ಬಂದಿಲ್ಲ ಅಪ್ಪ."

ಆರ್ವಿಡ್ ಮಗನ ಮುಖವನ್ನು ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತೇ ನೋಡಿದ. ಮೊದಲ ಕಾಗದದ ಚೂರನ್ನು ಐಲಿಯ ಕೈಗೆ ಕೊಟ್ಟ. "ನೀನೇ ಕಟ್ತಾ ಬಾ."

ಅಲ್ಲಿಂದ ಮುಂದೆ ಮೂರು ಮೈಲಿಯೂ ಜೌಗು. ಸೀಡರ್ ಮರಗಳು ಒಂದರ ಮೇಲೊಂದು ಒರಗಿ ನಿಂತ ಜಾಗ. ಅರ್ಧ ಸತ್ತವು, ಅರ್ಧ ಬದುಕಿದವು, ಬೇರುಗಳೆಲ್ಲ ಹೊರಗೆ. ಬೇರಿನ ಕೆಳಗೆ ಕಪ್ಪು ನೀರು, ನೀರಿನ ಮೇಲೆ ಹಪ್ಪಳದಂಥ ಮಂಜುಗಡ್ಡೆ, ಅದರ ಮೇಲೆ ಹಿಮ. ಎಲ್ಲಿ ಕಾಲಿಟ್ಟರೆ ನೆಲ, ಎಲ್ಲಿ ಇಟ್ಟರೆ ಗುಂಡಿ ಎಂದು ಹೇಳುವವರಿಲ್ಲ. ಉತ್ತರಕ್ಕೆ ಸುಪೀರಿಯರ್ ಸರೋವರದ ಮೇಲೆ ಆಕಾಶ ಸೀಸದ ಬಣ್ಣಕ್ಕೆ ತಿರುಗುತ್ತಿತ್ತು. ಹೊಸ ಹಿಮ ಬಿತ್ತೆಂದರೆ ಜಾಡು ಮುಗಿದಂತೆಯೇ.

ರಕ್ತ ಹನಿಹನಿಯಾಗಿ ಸಿಕ್ಕಿತು. ಒಂದು ಹನಿಗೂ ಇನ್ನೊಂದಕ್ಕೂ ನಡುವೆ ಹತ್ತು ಗಜ, ಆಮೇಲೆ ಇಪ್ಪತ್ತು, ಆಮೇಲೆ ಐವತ್ತು. ಐಲಿ ಬಗ್ಗಿ, ತೆವಳಿ, ಹುಡುಕಿ ಚೂರು ಕಟ್ಟಿದಳು. ಎರಡು ಕಡೆ ಜಿಂಕೆ ಮಲಗಲು ನೋಡಿ ಎದ್ದು ಹೋಗಿತ್ತು. ಹಿಮದಲ್ಲಿ ಅದರ ಮೈಯ ಅಚ್ಚು, ನಡುವೆ ಕಂದು ಕಲೆ.

"ಯಾಕಜ್ಜ ಎದ್ದು ಹೋಗಿದೆ?"

"ಯಾರೋ ಅಟ್ಟಿಸ್ಕೊಂಡು ಬರ್ತಿದಾರೆ ಅಂತ ಅದರ ತಲೇಲಿ ಕೂತಿದೆ, ಮಗಾ."

ಕರ್ಟಿಸನ ಕಿವಿ ಕೆಂಪಾಯಿತು. ಕುಲಾವಿಯನ್ನು ಕೆಳಗೆಳೆದುಕೊಂಡ.

ಹನ್ನೆರಡರ ಹೊತ್ತಿಗೆ ಮರ ಕಡಿಯುವ ನೀರುಪ್ರಾಣಿ ಬೀವರ್‌ಗಳು ಕಟ್ಟೆ ಕಟ್ಟಿದ ಕೊಳ ಅಡ್ಡ ಬಂತು. ಜಾಡು ಕಡ್ಡಿಕಟ್ಟೆಯ ಮೇಲೆಯೇ ಹೋಗಿತ್ತು. ಮೊದಲ ಹಿಮದ ಚಕ್ಕೆ ಐಲಿಯ ತೋಳಿನ ಮೇಲೆ ಬಿತ್ತು.

"ಒಬ್ಬೊಬ್ಬರಾಗಿ, ಕಟ್ಟೆ ಮೇಲೇ," ಎಂದ ಆರ್ವಿಡ್.

ಅಜ್ಜ ದಾಟಿದ. ಮೊಮ್ಮಗಳು ದಾಟಿದಳು.

ಕರ್ಟಿಸ್ ಅರ್ಧ ದಾರಿಯಲ್ಲಿದ್ದಾಗ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ಜಿಂಕೆ ಬಿತ್ತೋ ಇಲ್ಲವೋ ಎಂದು ಗೆಳೆಯರು ಕೇಳುತ್ತಿದ್ದರು. ಅವನು ಅದನ್ನು ಹೊರಗೆ ತೆಗೆದ.

ಕಾಲ ಕೆಳಗಿನ ದಿಮ್ಮಿ ಹೊರಳಿತು.

ಮಂಜುಗಡ್ಡೆ ಒಡೆಯಿತು. ಸೊಂಟದವರೆಗೂ ಇಳಿದ. ಉಸಿರು ಎದೆಯಲ್ಲೇ ನಿಂತಿತು. ಕೆಳಗಿನ ಕೆಸರು ಬೂಟು ಹಿಡಿದು ಎಳೆಯುತ್ತಿತ್ತು.

"ಅಲ್ಲಾಡ್ಬೇಡ!" ಆರ್ವಿಡ್ ಹಗ್ಗ ಎಸೆದ. ಮೊದಲ ಸಲ ದಕ್ಕಲಿಲ್ಲ. ಎರಡನೆಯ ಸಲ ಕೈಗೆ ಬಂತು. ಐಲಿ ಹಗ್ಗದ ಈ ತುದಿಯನ್ನು ಮರದ ಬುಡಕ್ಕೆ ಸುತ್ತಿ ತಾನೂ ಜೋತುಬಿದ್ದಳು. ಅಜ್ಜ ಎಳೆದ, ಮಂಡಿ ಕುಸಿಯಿತು, ಕೂತುಕೊಂಡೇ ಎಳೆದ. ಕರ್ಟಿಸ್ ಹೊಟ್ಟೆಯ ಮೇಲೆ ತೆವಳುತ್ತ ದಡಕ್ಕೆ ಬಂದ.

ಫೋನ್ ಬರಲಿಲ್ಲ.

ಭೂರ್ಜ ಮರದ ತೊಗಟೆ ಸುಲಿದು ಆರ್ವಿಡ್ ಬೆಂಕಿ ಮಾಡಿದ. ಕರ್ಟಿಸ್ ಪ್ಯಾಂಟು ಹಿಂಡಿ ಹಾಕಿಕೊಂಡ, ಒಣ ಕಾಲುಚೀಲಕ್ಕೆ ಕಾಲು ತೂರಿಸಿದ. ಹಲ್ಲು ಕಟಕಟ ಎನ್ನುತ್ತಿತ್ತು. ಈಗ ಹಿಮ ದಪ್ಪಗೆ ಬೀಳುತ್ತಿತ್ತು. ಕಣ್ಣೆದುರಿಗೇ ಜಾಡು ಮುಚ್ಚಿಹೋಗುತ್ತಿತ್ತು. ಐಲಿ ಅದನ್ನು ನೋಡುತ್ತ ಅಳು ತಡೆದು ನಿಂತಿದ್ದಳು.

"ಕೂತ್ಕೋ ಮಗಾ. ಅರ್ಧ ಗಂಟೆ ಇವನು ಒಣಗ್ಲಿ. ಈಗಲಾದ್ರೂ ಅದನ್ನ ಮಲಗೋಕೆ ಬಿಟ್ಟಂಗಾಯ್ತು."

ಕರ್ಟಿಸ್ ಕೊಳದ ಕಡೆ ನೋಡಿದ. ತೂತಿನ ಮೇಲೆ ಆಗಲೇ ಮಂಜಿನ ಪೊರೆ ಕಟ್ಟುತ್ತಿತ್ತು. ಅವನ ದನಿ, ಅವಳ 'ಬೇಡ', ಎಲ್ಲ ಅದರ ತಳದಲ್ಲಿ. ಇನ್ನು ಅದನ್ನು ಯಾರೂ ಕೇಳಲಾರರು. ಮೊದಲು ಅವನಿಗೆ ಹಾಯೆನಿಸಿತು. ಹಾಯೆನಿಸಿದ್ದು ತಿಳಿದ ಮೇಲೆ ಬೆಂಕಿಯ ಮುಂದೆಯೂ ಮುಖ ಎತ್ತಲಾಗಲಿಲ್ಲ. ಹನ್ನೊಂದು ವರ್ಷದ ಹುಡುಗಿ ಬೆಳಿಗ್ಗೆಯಿಂದ ಅವನ ತಪ್ಪನ್ನು ಹೊತ್ತುಕೊಂಡು ಕೆಸರಿನಲ್ಲಿ ತೆವಳುತ್ತಿದ್ದಾಳೆ. ಈಗ ತಾನೇ ಅವನ ಹಗ್ಗಕ್ಕೂ ಜೋತುಬಿದ್ದಿದ್ದಳು.

"ಅಪ್ಪ, ಅವಳ ಕೈ ನಡುಗ್ಲಿಲ್ಲ."

"ಗೊತ್ತು," ಎಂದ ಆರ್ವಿಡ್, ಬೆಂಕಿಗೆ ಕಡ್ಡಿ ಇಡುತ್ತ.

"ಗೊತ್ತಿತ್ತಾ?"

"ಬೇಸಿಗೆ ಪೂರ್ತಿ ಅವಳಿಗೆ ಡಬ್ಬ ಹೊಡೆಯೋದು ಕಲಿಸ್ದೋನು ನಾನು. ಎದುರಿಗೆ ನಿಂತಿರೋದಕ್ಕೆ ತಾನಾಗಿ ಹೊಡೆಯೋಳಲ್ಲ ಅವಳು. ಗೊರಸು ನೋಡ್ದಾಗ್ಲೇ ಗೊತ್ತಾಯ್ತು."

"ಮತ್ತೆ ಬೈಲಿಲ್ಲ?"

"ನೀನು ಹೇಳ್ಬೇಕಾಗಿದ್ದು ನನಗಲ್ಲ."

ಕರ್ಟಿಸ್ ಐಲಿಯ ಕಡೆ ತಿರುಗಿದ. "ಹೊಡಿ ಅಂದಿದ್ದು ನಾನು. ಅಟ್ಟಿಸ್ಕೊಂಡು ಹೋಗಿದ್ದೂ ನಾನೇ."

"ನಾನು ಬೇಡ ಅಂದೆ ಮಾಮ."

"ಹೌದು."

"ಆಮೇಲೆ ನೀನು ಅಜ್ಜನ ಹತ್ರ ನನ್ನ ಕೈ ನಡುಗ್ತು ಅಂದೆ."

"ಅಂದೆ. ಸುಳ್ಳು ಹೇಳ್ದೆ."

ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಹೇಳಬೇಕಾದ ಕಾರಣವೂ ಇರಲಿಲ್ಲ.

ಆರ್ವಿಡ್ ಮಂಡಿ ಉಜ್ಜಿಕೊಂಡ. "ನಮ್ಮ ಕಾಲದಲ್ಲಿ ಬೇಟೆ ಶುದ್ಧವಾಗಿತ್ತು ಅಂತ ನಾನೂ ಬೇಕಾದಷ್ಟು ಕೊಚ್ಕೊಂಡಿದೀನಿ. ರಾತ್ರಿ ಲೈಟು ಬಿಟ್ಟು ಕಣ್ಣು ಕುಕ್ಕಿಸಿ ಹೊಡೀತಿದ್ವಿ ಆಗ. ಹತ್ತೊಂಬತ್ತನೇ ವರ್ಷದಲ್ಲಿ ಹಂಗೇ ಒಂದು ಹೆಣ್ಣು ಜಿಂಕೆಗೆ ಹೊಡೆದೆ. ಚಳಿ ಅಂತ ಹುಡುಕೋಕೆ ಹೋಗ್ಲಿಲ್ಲ. ಏಪ್ರಿಲಲ್ಲಿ ಹಿಮ ಕರಗಿದಾಗ ಸಿಕ್ತು, ನಮ್ಮ ಬಾವಿಯಿಂದ ನೂರು ಹೆಜ್ಜೆ ದೂರದಲ್ಲಿ. ಬಾಗಿಲ ಪಕ್ಕದ ಚೂರು ಅದಕ್ಕೇ, ನನ್ನ ಅಂಗೀದು. ಏಳಿ, ಹೊತ್ತು ಹೋಗ್ತಿದೆ."

ಮುಂದೆ ಜಾಡಿರಲಿಲ್ಲ. ಎಲ್ಲ ಒಂದೇ ಬಿಳಿ. ಹಿಮ ತುಸು ತೆಳುವಾದಾಗ ಐಲಿ ಹಿಂದಕ್ಕೆ ತಿರುಗಿದಳು. ಕೊಳದ ಆಚೆ ಕಪ್ಪು ಸೀಡರ್‌ಗಳ ಮೇಲೆ ಅವಳು ಕಟ್ಟಿದ ಚೂರುಗಳು ಸಾಲಾಗಿ ಕಂಡವು. ಒಂದು ಕೈಯನ್ನು ಆ ಸಾಲಿಗೆ ಚಾಚಿ, ಇನ್ನೊಂದನ್ನು ಅದೇ ನೇರಕ್ಕೆ ಮುಂದಕ್ಕೆ ಚಾಚಿದಳು. ಬೆರಳ ತುದಿಯಲ್ಲಿ, ಅರ್ಧ ಮೈಲಿ ದೂರದಲ್ಲಿ, ಜೌಗಿನ ನಡುವೆ ಎತ್ತರದ ಒಂದು ದಿಬ್ಬ. ಸ್ಪ್ರೂಸ್ ಮರಗಳ ಗುಂಪು.

"ಮಲಗೋಕೆ ಒಣ ನೆಲ ಇರೋದು ಅಲ್ಲೊಂದೇ ಅಜ್ಜ."

ಆರ್ವಿಡ್ ದಿಕ್ಸೂಚಿ ನೋಡಿ, ಮುಚ್ಚಿ, ಜೇಬಿಗೆ ಹಾಕಿದ. "ಮುಂದೆ ನಡಿ ನೀನು."

ಎರಡು ಗಂಟೆಗೆ ದಿಬ್ಬ ಹತ್ತಿದರು. ಬಿದ್ದ ಮರದ ಹಿಂದೆ, ಹಿಮದೊಳಗೆ, ಕೊಂಬಿನ ಕವಲು ಕಂಡಿತು. ಮೂವತ್ತು ಗಜ. ಜಿಂಕೆಗೆ ಜೀವವಿತ್ತು. ತಲೆಯೆತ್ತಿ ಅವರನ್ನೇ ನೋಡಿತು.

"ಯಾರೂ ಮಾತಾಡ್ಬಾರ್ದು," ಎಂದ ಆರ್ವಿಡ್ ಪಿಸುದನಿಯಲ್ಲಿ.

ಐಲಿ ಮಂಡಿಯೂರಿ ರೈಫಲ್ ಎತ್ತಿದಳು. ಜಿಂಕೆ ಎದ್ದು ನಿಂತಿತು. ಮತ್ತೆ ಎದುರಿಗೇ.

ಅವಳು ಕಾದಳು.

ಕರ್ಟಿಸ್ ತನ್ನ ಕೈಯನ್ನು ತಾನೇ ಕಚ್ಚಿಕೊಂಡ. ಜಿಂಕೆ ಒಂದು ಹೆಜ್ಜೆ ಹಾಕಿದರೆ ಸಾಕು, ಮತ್ತೆ ಜೌಗಿಗೆ ಇಳಿದು ಮಾಯವಾಗುತ್ತಿತ್ತು. ಹಿಮ ಅವಳ ರೆಪ್ಪೆಯ ಮೇಲೆ ಕೂರುತ್ತಿತ್ತು. ಅವಳು ಅಲುಗಲಿಲ್ಲ.

ಜಿಂಕೆ ನಿಧಾನವಾಗಿ ಅಡ್ಡ ತಿರುಗಿತು.

ಒಂದೇ ಗುಂಡು. ಅದು ನಿಂತಲ್ಲೇ ಕುಸಿಯಿತು.

ಐಲಿ ಹತ್ತಿರ ಹೋಗಿ ಕೈಗವಸು ಕಳಚಿ ಅದರ ಕತ್ತಿನ ಮೇಲೆ ಬರಿಗೈ ಇಟ್ಟಳು. "ಬೆಳಿಗ್ಗೆಯಿಂದ ನೋವು ತಿಂದಿದೆ," ಎಂದಳು. ಆಮೇಲೆ ಅತ್ತಳು. ಯಾರೂ ತಡೆಯಲಿಲ್ಲ. ಅತ್ತು ಮುಗಿಸಿ, ತನ್ನ ಹೆಸರಿನ ಬೇಟೆ ಪರವಾನಗಿಯ ಚೀಟಿಯನ್ನು ಕೊಂಬಿಗೆ ಕಟ್ಟಿದಳು. ಹೊಟ್ಟೆ ಸೀಳಿದಾಗ ವಾಸನೆ ಬಂತು. ಒಳಗಿನ ಒಳ್ಳೆಯ ಮಾಂಸ ಹಾಳಾಗಿತ್ತು. ಆರ್ವಿಡ್ ಹೇಳದೆಯೇ ಕರ್ಟಿಸ್ ಮೊಣಕೈವರೆಗೂ ಕೈ ಹಾಕಿ ಎಲ್ಲ ಚೊಕ್ಕ ಮಾಡಿದ. ಕೊಳವನ್ನು ಸುತ್ತಿ ಎರಡು ಮೈಲಿ ಒಬ್ಬನೇ ಎಳೆದ. ಮುಂದೆ ಐಲಿ ಕಾಗದದ ಚೂರುಗಳನ್ನು ಒಂದೊಂದಾಗಿ ಬಿಚ್ಚಿ ಜೇಬಿಗೆ ತುಂಬಿಕೊಳ್ಳುತ್ತ ನಡೆದಳು.

ಬೆಳಕು ಇನ್ನೂ ಎಳೆಯಷ್ಟು ಉಳಿದಿರುವಾಗ ಕ್ಯಾಂಪು ಮುಟ್ಟಿದರು. ಜಿಂಕೆಯನ್ನು ಕಂಬಕ್ಕೆ ತೂಗುಹಾಕಿ ಒಳಗೆ ಬಂದಾಗ ಕರ್ಟಿಸ್ ಜಾಕೆಟ್ ಬಿಚ್ಚಿ ಬೆನ್ನು ತಿರುಗಿಸಿ ನಿಂತ. ಒದ್ದೆ ಅಂಗಿಯ ಹಿಂದಿನ ತುದಿ ಹೊರಗೆಳೆದ.

"ಕತ್ತರಿಸಿ."

"ಗುಂಡು ಹೊಡ್ದಿದ್ದು ನೀನಲ್ಲ," ಎಂದ ಆರ್ವಿಡ್.

"ಹೊಡಿ ಅಂದಿದ್ದು ನಾನು. ಅವಳೇ ಕತ್ತರಿಸ್ಲಿ."

ಅಜ್ಜ ಚಾಕು ಕೊಟ್ಟ. ಐಲಿ ದೊಡ್ಡ ಚೂರನ್ನೇ ಕತ್ತರಿಸಿದಳು, ಸೊಂಟದವರೆಗೂ.

"ಸ್ವಲ್ಪ ಅಂಗಿ ಉಳ್ಸೇ."

"ಸುಮ್ನೆ ನಿಂತ್ಕೋ ಮಾಮ." ಅವಳು ಮೇಜಿನ ಮೇಲೆ ಚೂರು ಹರಡಿ ಪೆನ್ನು ಹಿಡಿದಳು. "ಏನು ಬರೀಲಿ?"

"ನಡೆದಿದ್ದು ಬರಿ," ಎಂದ ಕರ್ಟಿಸ್.

ಅವಳು ನಾಲಿಗೆ ಕಚ್ಚಿಕೊಂಡು ಬರೆದಳು. ಒದ್ದೆ ಬಟ್ಟೆಯ ಮೇಲೆ ಶಾಯಿ ಹರಡಿತು, ಆದರೂ ಓದಲು ಬರುತ್ತಿತ್ತು. 'ಕರ್ಟಿಸ್. ಹೊಡಿ ಅಂದ. ನನ್ನ ಮೇಲೆ ಹಾಕಿದ. ಆಮೇಲೆ ಒಪ್ಪಿಕೊಂಡ.'

"ಎಲ್ಲಿಗೆ?" ಆರ್ವಿಡ್ ಸುತ್ತಿಗೆ ಹಿಡಿದು ಕೇಳಿದ. "ಒಲೆ ಹಿಂದಕ್ಕಾ?"

"ಅಲ್ಲಿ ಎಲ್ಲಾರೂ ನಗ್ತಾರೆ," ಎಂದಳು ಐಲಿ. ಸುತ್ತಿಗೆ ಇಸಿದುಕೊಂಡು ಬಾಗಿಲಿಗೆ ಹೋದಳು. ಬೂದಿ ಬಣ್ಣದ ಚೂರಿನ ಪಕ್ಕ, ತನ್ನ ಕೈಗೆಟುಕುವ ಎತ್ತರಕ್ಕೆ, ಮೂರು ಏಟಿಗೆ ಮೊಳೆ ಇಳಿಸಿದಳು. ಚೂರಿನಿಂದ ಹೊಸ್ತಿಲ ಮೇಲೆ ನೀರು ತೊಟ್ಟಿಕ್ಕಿತು.

ಆರ್ವಿಡ್ ಪ್ಯಾಸ್ಟಿಗಳನ್ನು ಒಲೆಯ ಮೇಲೆ ಬಿಸಿ ಮಾಡಿ ಮೇಜಿಗಿಟ್ಟ. ಐಲಿ ಮೊದಲನೆಯದನ್ನು ಎತ್ತಿಕೊಂಡು ಕಚ್ಚಿದಳು. ಎರಡನೆಯದನ್ನು ಸ್ವಲ್ಪ ಹೊತ್ತು ನೋಡಿ ಮಾಮನ ಕಡೆ ದೂಡಿದಳು.

"ಸೌದೆ ತಂದ್ಮೇಲೆ," ಎಂದಳು.

ಕರ್ಟಿಸ್ ಬಾಗಿಲು ತೆರೆದು ಹೊರಗೆ ಹೋದ. ಅಂಗಿಯಿಲ್ಲದ ಸೊಂಟಕ್ಕೆ ಗಾಳಿ ತಣ್ಣಗೆ ತಗುಲಿತು. ಅವನು ಅದನ್ನು ಮುಚ್ಚಿಕೊಳ್ಳಲಿಲ್ಲ. ಒಂದು ತೋಳಿನ ತುಂಬ ಸೌದೆ ತುಂಬಿಕೊಂಡು, ಇನ್ನೊಂದು ತೋಳಿಗೂ ತುಂಬಿಕೊಂಡ.