ನಲವತ್ತೇಳನೆಯ ನಂಬರಿನ ಹಸು

೧೯೯೨ರ ನವೆಂಬರ್ ೧೭, ಮಂಗಳವಾರ ಬೆಳಿಗ್ಗೆ ೭.೨೦ಕ್ಕೆ ಲ್ಯೂಬೆನ್ ಎಂಬವನು ಬಲ್ಗೇರಿಯಾದ ಡೊಲ್ನಿ ಬ್ರೆಸ್ಟ್ ಹಳ್ಳಿಯ ಠಾಣೆಗೆ ಬಂದು, ತನ್ನ ಹಸು ಕಳವಾಗಿದೆ ಎಂದು ದೂರು ಕೊಟ್ಟನು. ಅವನು ಪ್ಲೆವೆನ್ ಪಟ್ಟಣದಲ್ಲಿ ಬಸ್ ಮೆಕ್ಯಾನಿಕ್. ಕಮ್ಯುನಿಸ್ಟರ ಆಳ್ವಿಕೆ ಮುಗಿದ ಮೇಲೆ ಬಂದ ಹೊಸ ಸರಕಾರ ಹಳ್ಳಿಯ ಸಹಕಾರಿ ಬೇಸಾಯ ಸಂಘವನ್ನು ಮುಚ್ಚಿ ದನಗಳನ್ನು ಹಂಚಿತ್ತು. ಹಿಂದೆ ಸಂಘಕ್ಕೆ ಜಮೀನು ಬಿಟ್ಟುಕೊಟ್ಟಿದ್ದ ತಾತನ ಪಾಲಾಗಿ, ಶನಿವಾರ ಅವನಿಗೆ ನಲವತ್ತೇಳನೆಯ ನಂಬರಿನ ಹಸು ಬಂದಿತ್ತು.

ಎಫ್‌ಐಆರ್ ಬರೆಯಲು ಕಾನ್ಸ್‌ಟೇಬಲ್ ಡೋಬ್ರಿ ತೆಗೆದ ಫಾರಂನ ಮೇಲೆ 'ಬಲ್ಗೇರಿಯಾ ಜನತಾ ಗಣರಾಜ್ಯ' ಎಂದಿತ್ತು. ಆ ಹೆಸರಿನ ರಾಜ್ಯ ಇಲ್ಲವಾಗಿ ಎರಡು ವರ್ಷವಾಗಿತ್ತು.

"ಕಾಮ್ರೇಡ್ ಇನ್ಸ್‌ಪೆಕ್ಟರ್, ಇದರಲ್ಲೇ ಬರೀಲಾ?"

"ಕಾಮ್ರೇಡ್ ಅನ್ನಬೇಡ ಅಂತ ಎಷ್ಟು ಸಲ ಹೇಳ್ಲಿ? ಹೊಡೆದುಹಾಕಿ ಬರಿ," ಎಂದರು ಇನ್ಸ್‌ಪೆಕ್ಟರ್ ವಲ್ಚೆವ್. ಹೊಡೆದುಹಾಕಿದ ಜಾಗದಲ್ಲಿ ಏನು ಬರೆಯಬೇಕೆಂದು ಅವರೂ ಹೇಳಲಿಲ್ಲ.

೮.೧೦ಕ್ಕೆ ಲ್ಯೂಬೆನ್‌ನ ತಾತನ ಮನೆಯ ಹಿತ್ತಲಿನಲ್ಲಿ ಪಂಚನಾಮೆ. ಹಗ್ಗವನ್ನು ಕತ್ತರಿಸಿರಲಿಲ್ಲ, ಬಿಚ್ಚಿ, ಸುತ್ತಿ ಇಟ್ಟಿದ್ದರು. ಗೂಟದ ಪಕ್ಕದ ಕೆಸರು ಬೆಳ್ಳಗಾಗಿತ್ತು. ವಲ್ಚೆವ್ ಬಗ್ಗಿ ನೋಡಿದರು. ಹಾಲು.

"ಹಾಲು ಯಾವಾಗ ಕರೆದೆ?"

"ನಾನಾ? ನಂಗೆಲ್ಲಿ ಬರುತ್ತೆ ಸಾರ್! ಗುರುವಾರ ಕಟುಕ ಬರ್ತಾನೆ. ಅಲ್ಲೀವರೆಗೆ ಕರೆದು ಏನಾಗ್ಬೇಕು?"

"ಶನಿವಾರದಿಂದ ಕರೆದೇ ಇಲ್ವಾ? ಕೂಗಲಿಲ್ವಾ ಅದು?"

"ಕೂಗ್ತಾನೇ ಇತ್ತು. ಹಸು ಅಂದ್ಮೇಲೆ ಕೂಗಲ್ವಾ?"

"ಬಸ್ಸಿನ ಹಾರನ್ ಅಂದ್ಕೊಂಡಿರ್ಬೇಕು," ಎಂದು ಡೋಬ್ರಿ ಗೊಣಗಿದನು.

ಮಾಂಸಕ್ಕಾಗಿ ಕದಿಯುವವನು ಹಾಲು ಕರೆಯುತ್ತ ಕೂರುವುದಿಲ್ಲ. ಲ್ಯೂಬೆನ್‌ನನ್ನು ಅಲ್ಲೇ ಬಿಟ್ಟು, ಇಬ್ಬರೂ ಗೊರಸಿನ ಗುರುತು ಹಿಡಿದು ನಡೆದರು. ಗುರುತು ಸಂಘದ ಕೊಟ್ಟಿಗೆಗೆ ಹೋಗಿತ್ತು. ನಾನೂರು ದನಗಳಿದ್ದ ಕೊಟ್ಟಿಗೆ. ಹೆಂಚು, ಕಿಟಕಿ, ನೀರಿನ ಕೊಳವೆಗಳನ್ನೆಲ್ಲ ಊರವರೇ ಕಿತ್ತೊಯ್ದಿದ್ದರು. ತನ್ನ ಹಳೆಯ ಜಾಗದಲ್ಲಿ ಒಂದೇ ಹಸು ಮೆಲುಕು ಹಾಕುತ್ತಿತ್ತು. ಪಕ್ಕದಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ರಾಯ್ನಾ ಕುಳಿತಿದ್ದಳು. ಇಪ್ಪತ್ತಾರು ವರ್ಷ ಸಂಘದ ದನಗಳ ಹಾಲು ಕರೆದವಳು.

"ನೀನಾ ರಾಯ್ನಕ್ಕ?"

"ಹೂಂ. ಇನ್ನೆಲ್ಲಿಗೆ ಕರ್ಕೊಂಡು ಹೋಗ್ಲಿ? ಮನೇಲಿ ಕೋಳಿಗೂ ಜಾಗ ಇಲ್ಲ."

"ಇದು ಲ್ಯೂಬೆನ್‌ದು."

"ಅವತ್ತು ಎಲ್ಲರದೂ ಅಂದ್ರಿ. ಈಗ ಅವನದು ಅಂತೀರಿ. ನಂದು ಅಂತ ನಾನು ಯಾವತ್ತೂ ಅಂದಿಲ್ಲಪ್ಪ. ಕೆಚ್ಚಲು ಕಲ್ಲಾಗಿತ್ತು. ಮೂರು ದಿನ ಕೇಳಿಸ್ಕೊಂಡೆ. ಆಮೇಲೆ ಆಗ್ಲಿಲ್ಲ."

ಯಾವುದು ಹಂಚಿಕೆ, ಯಾವುದು ಕಳವು ಎಂಬುದು ಆ ಹೆಂಚಿಲ್ಲದ ಮಾಡಿನ ಕೆಳಗೆ ವಲ್ಚೆವ್ ಅವರಿಗೆ ತಿಳಿಯದಾಯಿತು.

"ನೋಡು ರಾಯ್ನಕ್ಕ. ದೂರು ವಾಪಸ್ ತಗೊಳ್ಳೋಕೆ ಅವನಿಗೆ ಹೇಳಿದ್ರೆ ನೀನು ಮನೆಗೆ ಹೋಗ್ಬಹುದು. ಆದ್ರೆ ಹಸು ಈಗ್ಲೇ ಅವನಿಗೆ ಹೋಗುತ್ತೆ. ಗುರುವಾರ ಕಡೀತಾರೆ. ನಿನ್ನ ಅರೆಸ್ಟ್ ಮಾಡಿದ್ರೆ ಹಸು ಜಪ್ತಿ ಮಾಲು. ಠಾಣೆ ಅಂಗಳದಲ್ಲೇ ಇರುತ್ತೆ. ಕೇಸು ಮುಗಿಯೋವರೆಗೂ ಯಾರೂ ಮುಟ್ಟೋ ಹಾಗಿಲ್ಲ."

"ಯಾವಾಗ ಮುಗಿಯುತ್ತೆ?"

"ಯಾವ ಕಾನೂನಿನಲ್ಲಿ ನಡೆಸ್ಬೇಕು ಅಂತ್ಲೇ ಕೋರ್ಟಿಗೆ ಗೊತ್ತಿಲ್ಲ."

ರಾಯ್ನಾ ಎದ್ದು, ಕೈಗಳನ್ನು ಲಂಗಕ್ಕೆ ಒರೆಸಿಕೊಂಡು ಮುಂದೆ ಚಾಚಿದಳು.

"ಹಾಗಾದ್ರೆ ಹಾಕು ಬೇಡಿ. ಸಂಜೆ ಐದಕ್ಕೆ ಬಿಚ್ಚು, ಕರೀಬೇಕು."

೯.೪೦ಕ್ಕೆ ಬಂಧನವಾಯಿತು. ಆರೋಪಿಗೆ ಹಸುವಿನ ಮೇಲೆ ಆಸೆಯಿರಲಿಲ್ಲ. ತಂದೆಗೆ ಜಮೀನಿರಲಿಲ್ಲವಾದ್ದರಿಂದ ಹಂಚಿಕೆಯ ಪಟ್ಟಿಯಲ್ಲಿ ಅವಳ ಹೆಸರೂ ಇರಲಿಲ್ಲ. ಆ ಮೂರು ದಿನದ ಕೂಗು ಊರಿಗೆಲ್ಲ ಕೇಳಿಸಿತ್ತು, ದೇವರಿಗೂ ಕೇಳಿಸಿರಬೇಕು. ಎದ್ದು ಹೋದವಳು ಅವಳೊಬ್ಬಳೇ.