ನಾಲ್ಕನೇ ಜಾಡಿಯ ಗುಳ್ಳೆ

ಎಲ್ಲವನ್ನೂ ಡೈರಿಯಲ್ಲಿ ಬರೆಯುವ ನಾನು ಅದೊಂದನ್ನು ಮಾತ್ರ ಬರೆದಿಲ್ಲ. ಲ್ಯಾಬಿನ ಪುಸ್ತಕದಲ್ಲಿ ನನ್ನದೇ ಅಕ್ಷರದಲ್ಲಿ ಮೂರು ಕಡೆ ಇದೆ: ‘ನಾಲ್ಕನೇ ಜಾಡಿಯಲ್ಲಿ ಗುಳ್ಳೆ. ಮತ್ತೆ ಮಾಡಬೇಕು.’ ಮೂರು ಸಲವೂ ಅಲ್ಲಿ ಗುಳ್ಳೆ ಇರಲಿಲ್ಲ.

ನಮ್ಮ ಕೆಲಸ ಹೊರಗಿನವರಿಗೆ ತಮಾಷೆ. ಮೈತುಂಬ ಸುಣ್ಣ ಕಟ್ಟಿಕೊಂಡು ಕಲ್ಲಿನಂತಾದ ಕೆಂಪು ಕಡಲಪಾಚಿಯ ಚೂರುಗಳನ್ನು ಸಮುದ್ರದ ನೀರಿನ ಜಾಡಿಗಳಲ್ಲಿಟ್ಟು ಬಿಗಿಯಾಗಿ ಮುಚ್ಚುತ್ತೇವೆ. ಅರ್ಧ ಗಂಟೆ ಕಪ್ಪು ಬಟ್ಟೆ ಹೊದಿಸುತ್ತೇವೆ, ಆಮೇಲೆ ಒಂದು ಗಂಟೆ ದೀಪ. ಬೆಳಕಿನಲ್ಲಿ ಅದು ತನ್ನ ಊಟ ತಾನೇ ಮಾಡಿಕೊಳ್ಳುವಾಗ ನೀರಿನಲ್ಲಿ ಆಮ್ಲಜನಕ ಏರುತ್ತದೆ. ತಣ್ಣಗಿನ ನೀರಿನಲ್ಲಿ ಎಷ್ಟು, ಬಿಸಿ ಹೆಚ್ಚಿಸಿದರೆ ಎಷ್ಟು ಎಂದು ಅಳೆಯುವುದು. ಮುಚ್ಚಳದಡಿ ಒಂದೇ ಒಂದು ಗಾಳಿಗುಳ್ಳೆ ಉಳಿದರೂ ಅಂಕಿ ಕೆಟ್ಟಿತು, ಮೊದಲಿನಿಂದ ಶುರು.

ಆ ಮುಚ್ಚಳಗಳನ್ನು ಮಾಡಿದವನು ಅವನು. ವರ್ಕ್‌ಶಾಪಿನಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದ. ಲ್ಯಾಬಿನಲ್ಲಿ ಎಲ್ಲರಿಗೂ ‘ಮುಚ್ಚಳದವರು’. ಜಾಡಿಗಳ ಮೇಲೆ ನೆರಳು ಬೀಳಬಾರದೆಂದು ನಾವಿಬ್ಬರೂ ಮೇಜಿನ ಒಂದೇ ಪಕ್ಕದಲ್ಲಿ ಕೂರಬೇಕಿತ್ತು. ಅವನು ಮೀಟರ್ ಓದುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ.

“ನೀವು ದಿನಕ್ಕೆ ಎಷ್ಟು ಮಾತಾಡ್ತೀರ?” ಎಂದು ಒಮ್ಮೆ ಕೇಳಿದ.

“ಇದನ್ನೂ ಸೇರಿಸಿನಾ?”

ಅವನು ನಕ್ಕ. ನಗುವಾಗ ನನ್ನನ್ನು ನೋಡುವುದಿಲ್ಲ, ಜಾಡಿಯನ್ನು ನೋಡುತ್ತಾನೆ. ಆದರೆ ಜಾಡಿಯ ಗಾಜಿನಲ್ಲಿ ಇರುವವಳು ನಾನೇ.

“ಆ ಕಲ್ಲಿನ ಮುಂದೆ ಕೂತು ಕೂತು ನೀನೂ ಕಲ್ಲಾಗ್ತೀಯ ಕಣೇ,” ಎಂದಳು ಮನೆಯಲ್ಲಿ ಅಕ್ಕ.

“ಅದು ಉಸಿರಾಡುತ್ತೆ ಅಕ್ಕ.”

“ಹಾಗಾದ್ರೆ ಅದೇ ವಾಸಿ.”

ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿಯಿತು. ಅವನು ಎದ್ದು ಚೀಲ ಹೆಗಲಿಗೇರಿಸಿದ. ನನ್ನ ಬಾಯಿ ತಾನಾಗಿ ಹೇಳಿತು: “ನಾಲ್ಕರಲ್ಲಿ ಗುಳ್ಳೆ ಇದೆ.”

ಬಗ್ಗಿ ನೋಡಿದ. “ನಂಗೆ ಕಾಣಿಸ್ತಿಲ್ವಲ್ಲ.”

“ಈ ಕಡೆಯಿಂದ ಕಾಣುತ್ತೆ.”

“ನಿಮ್ಮ ಕಣ್ಣು ಚುರುಕು ಬಿಡಿ,” ಎಂದು ಚೀಲ ಕೆಳಗಿಟ್ಟ. ನನಗೆ ಒಂದೂವರೆ ಗಂಟೆ ಸಿಕ್ಕಿತು.

ಬಿಸಿನೀರಿನ ವಾರದಲ್ಲಿ ಮತ್ತೆರಡು ಸಲ ಹಾಗೆಯೇ ಹೇಳಿದೆ. ಮತ್ತೆ ಮತ್ತೆ ಬಿಸಿಯಲ್ಲಿಟ್ಟಿದ್ದನ್ನು ತಾಳಲಾರದೆ ನಾಲ್ಕನೇ ಜಾಡಿಯ ಪಾಚಿ ಅಂಚಿನಿಂದ ಬಿಳಿಚತೊಡಗಿತು. ವಾರದ ಕೊನೆಗೆ ಸೀಮೆಸುಣ್ಣದ ಚೂರಿನಂತಾಗಿತ್ತು. ಲ್ಯಾಬ್ ನಡೆಸುವ ಮೇಡಂ ಪುಸ್ತಕ ತಿರುವಿ ನೋಡಿದರು.

“ಪ್ರತಿ ಸಲ ನಾಲ್ಕೇ. ಮುಚ್ಚಳ ಸರಿಯಿಲ್ಲ ಅಂತ ತಾನೆ?”

“ಇರಬಹುದು ಮೇಡಂ. ಮತ್ತೆ ಉಜ್ಜಿ ನೋಡ್ತೀನಿ,” ಎಂದ ಅವನು.

“ಬೇಡಪ್ಪ. ಹೊಸ ಜಾಡಿ ತರಿಸ್ತೀನಿ. ಮುಂದಿನ ವರ್ಷದ ಕೆಲಸಕ್ಕೂ ಬೇರೆ ಯಾರನ್ನಾದ್ರೂ ನೋಡ್ತೀನಿ.”

ನಾನು ಪಕ್ಕದಲ್ಲೇ ನಿಂತಿದ್ದೆ, ಪೆನ್ನಿನ ಕ್ಯಾಪು ಕಚ್ಚಿಕೊಂಡು.

ಇವತ್ತು ಅವನ ಕೊನೆಯ ದಿನ. ಮುಚ್ಚಳಗಳನ್ನು ಒಂದೊಂದಾಗಿ ಹಳೇ ಪೇಪರಿನಲ್ಲಿ ಸುತ್ತಿದ. ನಾಲ್ಕನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಚಿನ ಸುತ್ತ ಬೆರಳಾಡಿಸಿದ. ಒಮ್ಮೆ, ಮತ್ತೊಮ್ಮೆ.

“ಎಲ್ಲಿ ತಪ್ಪಿದೆ ಅಂತ ಸಿಗ್ತಾನೇ ಇಲ್ಲ. ಈಗೀಗ ನನ್ನ ಕೈಯನ್ನೇ ನಂಬೋಕೆ ಭಯ ಆಗುತ್ತೆ.” ಮುಚ್ಚಳವನ್ನು ಬೆಳಕಿನಿಂದ ಕೆಳಗಿಳಿಸಿದ. “ಒಂದು ಮಾತು ಹೇಳ್ಲಾ? ನೀವು ಗುಳ್ಳೆ ಅಂದಾಗೆಲ್ಲ ನಂಗೆ ಒಳಗೊಳಗೇ ಖುಷಿ. ಇನ್ನೊಂದೂವರೆ ಗಂಟೆ ಇಲ್ಲೇ ಕೂರಬಹುದಲ್ಲ ಅಂತ. ಅದಕ್ಕೇ ಸರಿಯಾಗಿ ಹುಡುಕಲಿಲ್ವೇನೋ. ತಪ್ಪು ನಂದೇ.”

ಇಷ್ಟು ದಿನ ಕಾದ ಮಾತು ಅದು. ಅದನ್ನು ಕೇಳಿಸಿಕೊಂಡು ಸುಮ್ಮನಿದ್ದುಬಿಟ್ಟರೆ ಅವನು ನನ್ನನ್ನು ಒಳ್ಳೆಯವಳೆಂದೇ ನೆನೆಯುತ್ತಾ ಹೋಗುತ್ತಾನೆ. ತನ್ನ ಕೈಯನ್ನು ಮಾತ್ರ ಇನ್ನು ನಂಬುವುದಿಲ್ಲ. ನಿಜ ಹೇಳಿಬಿಟ್ಟರೆ, ಗಾಜಿನಲ್ಲಿಯೂ ನನ್ನ ಕಡೆ ನೋಡಲಿಕ್ಕಿಲ್ಲ.

ಅವನ ಕೆಲಸ ಮುಗಿದ ಕಾಗದಕ್ಕೆ ಸಹಿ ಹಾಕಲು ಮೇಡಂ ಒಳಗೆ ಬಂದರು. ನಾನು ಅವನ ಕೈಯಿಂದ ಮುಚ್ಚಳ ತೆಗೆದುಕೊಂಡೆ. ಅದರ ಅಂಚು ಎಷ್ಟು ನುಣುಪಾಗಿತ್ತು.

“ಮೇಡಂ,” ಎಂದೆ. ಇಬ್ಬರೂ ತಿರುಗಿದರು. “ಇದು ಸರಿಯಾಗೇ ಇದೆ. ಒಂದು ಸಲಾನೂ ಗುಳ್ಳೆ ಇರಲಿಲ್ಲ. ಇವರು ಎದ್ದು ಹೋಗಬಾರದು ಅಂತ ನಾನೇ ಸುಳ್ಳು ಬರೆದೆ.”